ವಿಮಾನಾಪಘಾತವೂ ಗಡಿನಾಡಿನ ಸಿದ್ಧತೆಯೂ

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದಲೂ ಕೊಲ್ಹಾಪುರದ ಉಜಳಾಯಿವಾಡಿಯಿಂದಲೂ ಈಗ ವಿಮಾನಗಳು ಹಾರುತ್ತಿವೆ. ಕಬ್ಬಿನ ಗದ್ದೆಯಲ್ಲಿ ನಿಂತು ಆಕಾಶವನ್ನು ನೋಡುತ್ತಿದ್ದ ಚಿಕ್ಕೋಡಿ, ಅಥಣಿ, ಕಾಗವಾಡ ಸೀಮೆಯ ಜನರು ಇಂದು ತಾವೇ ಅದರಲ್ಲಿ ಕುಳಿತು ಹೋಗುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ವಿಮಾನವೊಂದು ಬಿದ್ದ ದಿನ ಯಾರು ಏನು ಮಾಡಬೇಕೆಂಬುದನ್ನು ನಮ್ಮ ಅಧಿಕಾರಿಗಳು ಮುಂಚಿತವಾಗಿ ನಿರ್ಣಯಿಸಿರುವರೇ ಎಂಬ ಪ್ರಶ್ನೆಯನ್ನು ಸಂತೋಷದ ಭರದಲ್ಲಿ ಮರೆಯಲಾಗದು.

ಈ ಪ್ರಶ್ನೆ ಕೇವಲ ಊಹೆಯದಲ್ಲ. 2010ನೆಯ ಇಸವಿ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನಲ್ಲಿ ಗುಡ್ಡದ ನೆತ್ತಿಯ ಮೇಲಿರುವ ರನ್‌ವೇಯನ್ನು ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ ಬದುಕಿ ಉಳಿದವರು 8 ಮಂದಿ ಮಾತ್ರ. ಚಾಲಕನ ತಪ್ಪೆಷ್ಟೆಂಬುದನ್ನು ವಿಚಾರಣಾ ಮಂಡಲಿಯು ತೂಗಿ ನೋಡಿತು. ನಮ್ಮ ಇಂದಿನ ವಿಷಯ ಅದಲ್ಲ. ಬಿದ್ದ ಮೇಲೆ ನಡೆದುದನ್ನು ವಾಚಕರು ಗಮನಿಸಬೇಕು. ಸುತ್ತಲಿನ ಹಳ್ಳಿಯ ಜನ ಓಡಿ ಬಂದು ಕೈಗೂಡಿಸಿದರು. ಆದರೆ ಹಾದಿಗಳು ಇಕ್ಕಟ್ಟಾಗಿದ್ದವು. ನೋಡಲು ನೆರೆದ ಗುಂಪೇ ರಕ್ಷಣೆಯ ಕಾರ್ಯಕ್ಕೆ ಅಡ್ಡಿಯಾಯಿತು. ಸುಟ್ಟು ಕರಕಾದ ದೇಹಗಳ ಗುರುತು ಹಿಡಿಯಲು ಕಾಸರಗೋಡಿನಿಂದಲೂ ದಕ್ಷಿಣ ಕನ್ನಡದಿಂದಲೂ ಬಂದ ಮನೆಯವರು ಆಸ್ಪತ್ರೆಯಲ್ಲಿ ಕಾದು ನಿಂತರು. ಆತುರದಲ್ಲಿ ಒಪ್ಪಿಸಿದ ದೇಹಗಳಲ್ಲಿ ಕೆಲವು ಅದಲುಬದಲಾದುವೆಂಬ ಸಂಶಯವೂ ಆಗ ಎದ್ದಿತು. ಹೈದರಾಬಾದಿನಲ್ಲಿ ಡಿಎನ್‌ಎ ಪರೀಕ್ಷೆ ನಡೆದ ಮೇಲೆಯೂ ಗುರುತು ಸಿಗದೆ ಉಳಿದ 12 ದೇಹಗಳನ್ನು ಕೂಳೂರಿನ ಬಳಿ ಹೊಳೆಯ ದಂಡೆಯಲ್ಲಿ ಒಟ್ಟಿಗೆ ಮಣ್ಣುಮಾಡಬೇಕಾಯಿತು. ತನ್ನವರ ಸಮಾಧಿ ಯಾವುದೆಂದು ತಿಳಿಯದ ಸಂಕಟಕ್ಕೆ ಪರಿಹಾರದ ಹಣವು ಔಷಧಿಯಲ್ಲ. ಆ ಹಣವಾದರೂ ಸುಲಭವಾಗಿ ಬಂದಿತೆ? ಒಂದು ಕುಟುಂಬದ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದಲ್ಲಿ ಮುಗಿದುದು 2020ರಲ್ಲಿ, ಎಂದರೆ ಹತ್ತು ವರ್ಷಗಳ ತರುವಾಯ.

ನಿಯಮಗಳಿಲ್ಲವೆಂದು ಯಾರೂ ಹೇಳಲಾರರು. ಅಗ್ನಿಶಾಮಕ ದಳವು ರನ್‌ವೇಯ ಯಾವ ಭಾಗವನ್ನಾದರೂ 3 ನಿಮಿಷಗಳಲ್ಲಿ ಮುಟ್ಟಬೇಕು, ಎರಡು ವರ್ಷಕ್ಕೊಮ್ಮೆಯಾದರೂ ಪೂರ್ಣಪ್ರಮಾಣದ ಅಣಕು ಕಾರ್ಯಾಚರಣೆ ನಡೆಯಬೇಕು ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ವಿಧಿಸಿದೆ. ಮಡಿದವರ ಕುಟುಂಬಗಳನ್ನು ವಿಮಾನ ಕಂಪನಿಗಳು ಹೇಗೆ ನಡೆಯಿಸಿಕೊಳ್ಳಬೇಕೆಂಬ ಬಗ್ಗೆ ಅಮೇರಿಕೆಯು 1996ರಲ್ಲಿಯೇ ಕಾಯಿದೆ ಮಾಡಿತು. ಆದರೆ ಮೂರು ನಿಮಿಷದ ಲೆಕ್ಕವು ರನ್‌ವೇಗೆ ಸಂಬಂಧಿಸಿದ್ದು. ವಿಮಾನವು ಆ ಎಲ್ಲೆಯನ್ನು ನೋಡಿಕೊಂಡು ಬೀಳುವುದಿಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ 92 ಜನರ ಪ್ರಾಣ ತೆಗೆದ ವಿಮಾನವು ಮೊದಲು ತಗುಲಿದುದು ಗಾಲ್ಫ್ ಮೈದಾನಕ್ಕೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರಿದ ವಿಮಾನವು ಬಿದ್ದುದು ವೈದ್ಯಕೀಯ ಕಾಲೇಜಿನ ವಸತಿಗೃಹದ ಮೇಲೆ. ಊಟಕ್ಕೆ ಕುಳಿತಿದ್ದ ವಿದ್ಯಾರ್ಥಿಗಳೂ ಬಲಿಯಾದರು. 2020ರಲ್ಲಿ ಕೋಳಿಕ್ಕೋಡಿನ ಅಪಘಾತವಾದಾಗ, ಕೊರೋನಾದ ಭೀತಿಯನ್ನೂ ಲೆಕ್ಕಿಸದೆ, ಗಾಯಾಳುಗಳನ್ನು ತಮ್ಮ ವಾಹನಗಳಲ್ಲಿ ಆಸ್ಪತ್ರೆಗೆ ಒಯ್ದವರು ನೆರೆಯ ಊರವರು. ಯಾವ ಕಂಪನಿಯ ಯೋಜನಾಪತ್ರದಲ್ಲಿಯೂ ಅವರ ಹೆಸರಿರಲಾರದು!

ಈಗ ಕಾಗವಾಡದ ಸ್ಥಿತಿಯನ್ನು ನೋಡೋಣ. ಜಿಲ್ಲೆಯ ಮುಖ್ಯಸ್ಥಳವಾದ ಬೆಳಗಾವಿಯು ನೂರು ಕಿಲೋಮೀಟರಿಗೂ ಮೀರಿದ ದೂರದಲ್ಲಿದೆ. ದೊಡ್ಡ ಆಸ್ಪತ್ರೆಗಳುಳ್ಳ ಮೀರಜವು ಹತ್ತಿರವೇ ಇದ್ದರೂ ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ್ದು. ಇಲ್ಲಿಯ ಹೊಲದಲ್ಲಿ ವಿಮಾನ ಬಿದ್ದರೆ ಗಾಯಾಳುಗಳು ಹೋಗಬೇಕಾದುದು ಮೀರಜಕ್ಕೆ; ಪಂಚನಾಮೆ, ಅಪ್ಪಣೆ, ಪೋಲೀಸು ಬರಬೇಕಾದುದು ಇತ್ತಣಿಂದ. ಗಡಿಯ ಬಗೆಗೆ ಉಭಯ ಸರಕಾರಗಳಲ್ಲಿ ಎಷ್ಟು ವಾದವಿದ್ದರೂ ಇರಲಿ. ರಕ್ತ ಸುರಿಯುವವನಿಗೆ ಆ ವಾದದಿಂದ ಆಗಬೇಕಾದುದೇನು? 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವು ಜಿಲ್ಲೆಗೊಂದು ಯೋಜನೆಯನ್ನು ಮಾಡಬೇಕಷ್ಟೆ. ಅದರಲ್ಲಿ ಮೀರಜದ ಆಸ್ಪತ್ರೆಗಳ ಹಾಸಿಗೆಗಳ ಲೆಕ್ಕವುಂಟೆ? ಕಬ್ಬಿನ ಹಂಗಾಮಿನಲ್ಲಿ ಗಾಡಿ ಟ್ರಾಕ್ಟರುಗಳಿಂದ ಕಿಕ್ಕಿರಿಯುವ ರಸ್ತೆಗಳನ್ನು ತೆರವು ಮಾಡುವ ಹೊಣೆ ಯಾರದು? ಗುಂಪನ್ನು ದೂರವಿರಿಸುವವರು ಯಾರು? ಭಗ್ನಾವಶೇಷಗಳನ್ನು ಮುಟ್ಟಬಾರದೆಂದು ಗ್ರಾಮ ಪಂಚಾಯತಿಯವರಿಗೆ ತಿಳಿಸಲಾಗಿದೆಯೆ? ಈ ವಿವರಗಳನ್ನು ಕಡತದಲ್ಲಿ ಬಚ್ಚಿಡದೆ ಪ್ರಕಟಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ.

ವಿಮಾನ ಕಂಪನಿಗಳ ಹೊಣೆಯೂ ಕಡಿಮೆಯದಲ್ಲ. ಪ್ರಯಾಣಿಕರ ಯಾದಿ ಅವರ ಕೈಯಲ್ಲಿದೆ. ಮನೆಯವರು ದೂರದರ್ಶನದ ಪರದೆಯಿಂದ ಸಾವಿನ ಸುದ್ದಿ ತಿಳಿಯುವಂತಾದರೆ ಅದು ಕಂಪನಿಯ ಕರ್ತವ್ಯಲೋಪವೇ ಸರಿ. ವಿಚಾರಿಸಲು ಕೊಡುವ ದೂರವಾಣಿಯಲ್ಲಿ ಕನ್ನಡವನ್ನೂ ಮರಾಠಿಯನ್ನೂ ಬಲ್ಲವರಿರಬೇಕು. ಮಗನನ್ನು ಕಳೆದುಕೊಂಡ ಅಥಣಿಯ ರೈತನು ಇಂಗ್ಲಿಷಿನಲ್ಲಿ ದುಃಖಿಸಲಾರನು.

ಸಾಂಬ್ರಾದಲ್ಲಿ ಮುಂದಿನ ಪೂರ್ಣಪ್ರಮಾಣದ ಅಣಕು ಕಾರ್ಯಾಚರಣೆಯನ್ನು ನಿಲ್ದಾಣದ ಗೋಡೆಯೊಳಗೆ ಮುಗಿಸದೆ, ಅದರ ಒಂದು ಭಾಗವನ್ನಾದರೂ ಕಾಗವಾಡ ತಾಲೂಕಿನ ಹೊಲವೊಂದರಲ್ಲಿ ನಡೆಯಿಸಿ, ಸಾಂಗಲಿಯ ಅಧಿಕಾರಿಗಳನ್ನೂ ಮೀರಜದ ವೈದ್ಯರನ್ನೂ ಅದಕ್ಕೆ ಕರೆಯಬೇಕೆಂದು ಬೆಳಗಾವಿಯ ಜಿಲ್ಲಾಧಿಕಾರಿಗಳಿಗೆ ಸೂಚಿಸುತ್ತೇವೆ.