ವೇಗ ಹೆಚ್ಚಿತು, ಕರಾರೂ ಹೊಸದಾಯಿತು

‘ಈಗಿರುವ 40 ಎಂಬಿಪಿಎಸ್ ಬದಲು 100 ಕೊಡುತ್ತೇವೆ, ವರ್ಷದ ಹಣ ಮುಂಗಡ ಕಟ್ಟಿ’ ಎಂದು ಬ್ರಾಡ್‌ಬ್ಯಾಂಡ್ ಕಂಪನಿಯ ಕರೆ ಬರುತ್ತದೆ. ಮಗ ಕುಣಿಯುತ್ತಾನೆ, ತಂದೆಯ ಕೈ ಜೇಬಿಗೆ ಹೋಗುತ್ತದೆ. ಅವಸರ ಬೇಡ, ಮೊದಲು ಲೆಕ್ಕ.

ವೇಗದ ಅಳತೆ ಬಿಟ್‌ಗಳಲ್ಲಿ, ಕಡತದ ಗಾತ್ರ ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. 300 ಮೆಗಾಬೈಟ್‌ನ ಪಾಠದ ವಿಡಿಯೊ 40ರ ವೇಗದಲ್ಲಿ 60 ಸೆಕೆಂಡಿಗೆ ಇಳಿದರೆ, 100ರಲ್ಲಿ 24 ಸೆಕೆಂಡಿಗೆ ಇಳಿಯುತ್ತದೆ. ಉಳಿತಾಯ 36 ಸೆಕೆಂಡು. ನೇರ ಪಾಠಕ್ಕಂತೂ 5 ಎಂಬಿಪಿಎಸ್ ಸಾಕು.

ತಿಂಗಳಿಗೆ 200 ರೂಪಾಯಿ ಹೆಚ್ಚು ಎಂದಿಟ್ಟುಕೊಂಡರೆ, ಶೇ 18 ಜಿಎಸ್‌ಟಿ ಸೇರಿ ವರ್ಷಕ್ಕೆ 2,832 ರೂಪಾಯಿ. ನಡುವೆ ಮನೆ ಬದಲಾದರೆ, ಮಗ ಹಾಸ್ಟೆಲಿಗೆ ಹೋದರೆ ಮುಂಗಡ ವಾಪಸು ಬರುತ್ತದೆಯೇ? ಷರತ್ತು ಓದಿಯೇ ಒಪ್ಪಬೇಕು.

ಪಾಠ ತಡವರಿಸುತ್ತಿದ್ದರೆ ಕಂಪ್ಯೂಟರನ್ನು ತಂತಿಯಿಂದ ರೂಟರಿಗೆ ಜೋಡಿಸಿ ವೇಗ ಅಳೆಯಬೇಕು. ತಂತಿಯಲ್ಲಿ 40 ಬಂದು ಓದುವ ಕೋಣೆಯಲ್ಲಿ 6 ಬಂದರೆ ತೊಡಕು ವೈಫೈಯದು. ಹೊಸ ಕರಾರು ಅದನ್ನು ನೀಗಿಸದು, ರೂಟರನ್ನು ನಡುಮನೆಗೆ ತಂದರೆ ನೀಗೀತು. ತಂತಿಯಲ್ಲೇ 40 ಬಾರದಿದ್ದರೆ ದೂರು ಕೊಟ್ಟು ಡಾಕೆಟ್ ಸಂಖ್ಯೆ ಪಡೆಯಬೇಕು.

ನಾಲ್ಕೈದು ಮಂದಿ ಒಂದೇ ಹೊತ್ತಿಗೆ ವಿಡಿಯೊ ನೋಡಿ, ದೊಡ್ಡ ಕಡತ ಇಳಿಸುವ ಮನೆಯಾದರೆ ಒಪ್ಪಬಹುದು. ಅದೂ ತಿಂಗಳ ಪಾವತಿಗೆ ಸಿಗುವುದೇ ಎಂದು ಕೇಳಿದ ಮೇಲೆ.