ಬಸಿದ ನೀರಿನ ಪಾಸ್ತಾ

ಲೋಕಲ್ ಇಳಿದು ಮನೆ ಸೇರುವಾಗ ರಾತ್ರಿ ಎಂಟು. ಅನ್ನ, ಸಾರು, ಪಲ್ಯ ಮೂರನ್ನೂ ಇನ್ನು ಯಾವಾಗ ಮಾಡುವುದು? ಫೋನ್ ಒತ್ತಿದರೆ ಊಟ ಬಾಗಿಲಿಗೆ ಬರುತ್ತದೆ, ನಿಜ. ಆದರೆ ವಾರಕ್ಕೆ ಮೂರು ಸಲ ಹಾಗೆ ತರಿಸಿಕೊಂಡರೆ ತಟ್ಟೆಯಿಂದ ಮೊದಲು ಕಾಣೆಯಾಗುವುದು ಸೊಪ್ಪು. ಮಕ್ಕಳಿಗಂತೂ ಅದರ ರುಚಿಯೇ ಮರೆತುಹೋಗುತ್ತದೆ. ಆದ್ದರಿಂದ ಈ ಸಲ ಅರ್ಧ ಗಂಟೆಯಲ್ಲಿ ಮುಗಿಯುವ, ಸೊಪ್ಪನ್ನು ಬಿಡದ ಒಂದು ಪಾಸ್ತಾ.

ಇದರ ತವರು ಇಟಲಿಯ ದಕ್ಷಿಣ ತುದಿಯ ಪುಲಿಯಾ ಪ್ರಾಂತ್ಯ. ಅಲ್ಲಿ ಗೋಧಿ ರವೆ ಮತ್ತು ನೀರು ಎರಡರಿಂದಲೇ ಹಿಟ್ಟು ಕಲಸಿ, ಹೆಬ್ಬೆರಳಿನಿಂದ ಒತ್ತಿ ಪುಟ್ಟ ಕಿವಿಯ ಆಕಾರದ ಪಾಸ್ತಾ ಮಾಡುತ್ತಾರೆ. ಹೆಸರೂ ಅದೇ, ಒರೆಕ್ಯೆತ್ತೆ. ಜೊತೆಗೆ ಬೀಳುವುದು ಚೀಮೆ ದಿ ರಾಪಾ ಎಂಬ ಕಹಿ ಸೊಪ್ಪು, ಸಾಸಿವೆಯ ಬಳಗದ್ದು. ಸೊಪ್ಪು, ಪಾಸ್ತಾ ಎರಡೂ ಬೇಯುವುದು ಒಂದೇ ಪಾತ್ರೆಯಲ್ಲಿ. ಬಸ್ಸಾರು ಉಂಡು ಬೆಳೆದವರಿಗೆ ಇದರ ಗುಟ್ಟು ಹೇಳಬೇಕಾಗಿಲ್ಲ: ರುಚಿ ಇರುವುದು ಬಸಿದ ನೀರಿನಲ್ಲಿ.

ನಾಲ್ಕು ಜನರಿಗೆ 350 ಗ್ರಾಂ ಪಾಸ್ತಾ ಸಾಕು. ಒರೆಕ್ಯೆತ್ತೆ ಸಿಗದಿದ್ದರೆ ಪೆನ್ನೆ ಅಥವಾ ಫುಸಿಲಿ ಆಗುತ್ತದೆ. ಪೊಟ್ಟಣದ ಮೇಲೆ ಡ್ಯೂರಮ್ ಗೋಧಿ ರವೆ ಎಂದಿದೆಯೇ ನೋಡಿ. ಮೈದಾದ್ದಾದರೆ ಬೇಗ ಮೆತ್ತಗಾಗಿ ಅಂಟುತ್ತದೆ. ಸೊಪ್ಪು ಎರಡು ಕಟ್ಟು. ಚಳಿಗಾಲದಲ್ಲಿ ಸಾಸಿವೆ ಸೊಪ್ಪು ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ಉಳಿದ ದಿನ ಮೂಲಂಗಿ ಸೊಪ್ಪು, ಬ್ರೊಕೊಲಿ, ಅಥವಾ ಪಾಲಕ್ ಜೊತೆ ಒಂದು ಹಿಡಿ ಮೆಂತ್ಯ. ತುಸು ಕಹಿ ಇರಲೇಬೇಕು, ಸಾಸೇಜಿನ ಕೊಬ್ಬಿಗೆ ಅದೇ ಜೋಡಿ. ಹಿಂದಿನ ರಾತ್ರಿಯೇ ಸೊಪ್ಪು ಬಿಡಿಸಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಸಾಸೇಜು 250 ಗ್ರಾಂ. ಹಸಿ ಹಂದಿಮಾಂಸದ್ದಾದರೆ ಸಿಪ್ಪೆ ಸುಲಿದು ಪುಡಿ ಮಾಡಿಕೊಳ್ಳಿ. ಬೆಂದೇ ಬರುವ ಚಿಕನ್ ಸಾಸೇಜಾದರೆ ಬಿಲ್ಲೆಗಳಾಗಿ ಹೆಚ್ಚಿ. ಇಟಲಿಯ ಸಾಸೇಜಿನಲ್ಲಿ ಅನೇಕ ವೇಳೆ ಸೋಂಪು ಇರುತ್ತದೆ. ನಮ್ಮದರಲ್ಲಿ ಇಲ್ಲದಿದ್ದರೆ ಅರ್ಧ ಚಮಚ ಜಜ್ಜಿ ಹಾಕಿ, ಪರಿಮಳವೇ ಬದಲಾಗುತ್ತದೆ. ಮುಂಬೈ, ಪುಣೆಯಲ್ಲಿ ಸಿಗುವ ಗೋವಾ ಸಾಸೇಜು ಬಳಸುವುದಾದರೆ 125 ಗ್ರಾಂ ಸಾಕು. ಅದರಲ್ಲಿ ವಿನೆಗರ್, ಮೆಣಸಿನಕಾಯಿ, ಉಪ್ಪು ಎಲ್ಲವೂ ಜೋರು.

ಮೂರು ಲೀಟರ್ ನೀರು ಕುದಿಯಲು ಇಟ್ಟು ಮೂರು ಟೀ ಚಮಚ ಉಪ್ಪು ಹಾಕಿ; ಗೋವಾ ಸಾಸೇಜಿಗೆ ಎರಡೇ. ಪಕ್ಕದ ಒಲೆಯಲ್ಲಿ ಅಗಲ ಬಾಣಲೆಗೆ ಎರಡು ಚಮಚ ಎಣ್ಣೆ ಬಿಟ್ಟು ಸಾಸೇಜು ಕೆಂಪಗೆ ಹುರಿಯಿರಿ. ಹಸಿಯದಾದರೆ ಒಳಗೆ ಗುಲಾಬಿ ಬಣ್ಣ ಉಳಿಯಬಾರದು. ಆಮೇಲೆ ಉರಿ ತಗ್ಗಿಸಿ ಐದು ಎಸಳು ಬೆಳ್ಳುಳ್ಳಿ, ಎರಡು ಬ್ಯಾಡಗಿ ಮೆಣಸಿನಕಾಯಿ, ಸೋಂಪು ಹಾಕಿ. ಬೆಳ್ಳುಳ್ಳಿ ಕಪ್ಪಾಗದಿರಲಿ.

ಕುದಿಯುವ ನೀರಿಗೆ ಪಾಸ್ತಾ ಬಿಡಿ. ಪೊಟ್ಟಣದಲ್ಲಿ ಹೇಳಿದ ಹೊತ್ತಿಗೆ ಐದು ನಿಮಿಷ ಉಳಿದಾಗ ಸೊಪ್ಪಿನ ದಂಟು ಅಥವಾ ಬ್ರೊಕೊಲಿ, ಎರಡು ನಿಮಿಷ ಉಳಿದಾಗ ಎಲೆ ಅದೇ ಪಾತ್ರೆಗೆ. ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲೇ ಬಸಿಯಿರಿ. ಅದಕ್ಕೂ ಮುಂಚೆ ಎರಡು ಲೋಟ ನೀರು ತೆಗೆದಿಡುವುದನ್ನು ಮರೆಯಬೇಡಿ.

ಈಗ ಎಲ್ಲವನ್ನೂ ಬಾಣಲೆಗೆ ಸುರಿದು, ಅರ್ಧ ಲೋಟ ಬಸಿದ ನೀರು ಹಾಕಿ ದೊಡ್ಡ ಉರಿಯಲ್ಲಿ ಒಂದೆರಡು ನಿಮಿಷ ತಿರುವಿ. ಪಾಸ್ತಾ ಬಿಟ್ಟ ಪಿಷ್ಟ ಆ ನೀರಿನಲ್ಲಿದೆ. ಅದು ಸಾಸೇಜಿನ ಕೊಬ್ಬನ್ನೂ ನೀರನ್ನೂ ಬೇರೆಯಾಗಲು ಬಿಡದೆ ಹಿಡಿದು, ಪಾಸ್ತಾಕ್ಕೆ ಅಂಟುವ ಸಾಸ್ ಮಾಡುತ್ತದೆ. ಕ್ರೀಮ್ ಬೇಡ, ಬಾಟಲಿ ಸಾಸ್ ಬೇಡ. ಒಣಗಿದಂತೆ ಕಂಡರೆ ಇನ್ನೊಂದಿಷ್ಟು ನೀರು. ಕೊನೆಗೆ ಉಪ್ಪು ನೋಡಿ, ಬೇಕಿದ್ದರೆ ತುರಿದ ಚೀಸ್, ನಾಲ್ಕು ಹನಿ ನಿಂಬೆರಸ.

ಸಸ್ಯಾಹಾರಿಗಳು ಸಾಸೇಜಿನ ಬದಲು ಬೇಯಿಸಿದ ಕಾಬೂಲಿ ಕಡಲೆಯನ್ನು ಸೋಂಪಿನ ಜೊತೆ ಹುರಿದು ಹಾಕಬಹುದು. ಪುಲಿಯಾದವರೂ ಪಾಸ್ತಾಕ್ಕೆ ಕಡಲೆ ಹಾಕುವವರೇ.

ಒಂದು ಮಾತು: ಸೊಪ್ಪನ್ನು ಬೇರೆ ಬಟ್ಟಲಲ್ಲಿ ಬಡಿಸಿದರೆ ಮಕ್ಕಳು ಪಕ್ಕಕ್ಕೆ ಸರಿಸುತ್ತಾರೆ. ಇಲ್ಲಿ ಅದು ಪ್ರತಿ ತುತ್ತಿನಲ್ಲೂ ಸುತ್ತಿಕೊಂಡಿರುತ್ತದೆ, ಸರಿಸಲು ಜಾಗವಿಲ್ಲ. ತೊಳೆಯಲು ಉಳಿಯುವುದೂ ಒಂದು ಪಾತ್ರೆ, ಒಂದು ಬಾಣಲೆ.