ನೀವುವ ಕೈಗೂ ಅರ್ಹತೆ ಬೇಡವೇ?

ಬೆನ್ನುನೋವು ತಾಳಲಾರದೆ ಬಸವೇಶ್ವರನಗರದ ಮಸಾಜ್ ಕೇಂದ್ರವೊಂದಕ್ಕೆ ಒಮ್ಮೆ ಹೋಗಿದ್ದೆ. ರಕ್ತದೊತ್ತಡ ಇದೆಯೇ, ಹಿಂದೆ ಮೂಳೆ ಮುರಿದಿತ್ತೇ, ಯಾವ ಔಷಧ ಸೇವಿಸುತ್ತಿದ್ದೀರಿ ಎಂದು ಅಲ್ಲಿ ಯಾರೂ ವಿಚಾರಿಸಲಿಲ್ಲ. ಒಂದು ದಿನಕ್ಕೋ, ಹತ್ತು ದಿನಗಳ ಪ್ಯಾಕೇಜಿಗೋ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. ನೋವು ಎರಡು ದಿನ ಕಡಿಮೆಯಾದದ್ದು ನಿಜ. ಆದರೆ ಅವರು ಕೇಳದೇ ಬಿಟ್ಟ ಪ್ರಶ್ನೆಗಳು ಇಂದಿಗೂ ನನ್ನನ್ನು ಕಾಡುತ್ತಿವೆ.

ಎಣ್ಣೆ ಹಚ್ಚಿ ಮೈ ನೀವುವುದು ನಮಗೆ ಹೊಸತಲ್ಲ. ನರಕ ಚತುರ್ದಶಿಯ ಅಭ್ಯಂಜನ, ಬಾಣಂತಿ ಮತ್ತು ಹಸುಗೂಸಿನ ಆರೈಕೆ, ಗರಡಿಮನೆಯ ಮಾಲೀಸು ಎಲ್ಲವೂ ನಮ್ಮ ಬದುಕಿನೊಂದಿಗೆ ಬೆಸೆದುಕೊಂಡಿವೆ. ವಾಗ್ಭಟನ ‘ಅಷ್ಟಾಂಗಹೃದಯ’ ಅಭ್ಯಂಗವನ್ನು ನಿತ್ಯದ ದಿನಚರಿಯಲ್ಲೇ ಸೇರಿಸಿದೆ. ಅಜೀರ್ಣದಿಂದ, ಕಫದಿಂದ ಬಳಲುವವರಿಗೆ ಅದು ಸಲ್ಲದು ಎಂದು ಎಚ್ಚರಿಸಿರುವುದೂ ಅದೇ ಗ್ರಂಥ. ಯಾರಿಗೆ ಬೇಕು ಎಂಬುದರ ಜೊತೆಗೆ ಯಾರಿಗೆ ಬೇಡ ಎಂಬ ವಿವೇಕವೂ ಪರಂಪರೆಯ ಭಾಗವಾಗಿತ್ತು.

ಆಧುನಿಕ ವೈದ್ಯವಿಜ್ಞಾನವೂ ಅಂಗಮರ್ದನವನ್ನು ತಳ್ಳಿಹಾಕಿಲ್ಲ. ಹೊಸದಾಗಿ ಕಾಣಿಸಿಕೊಂಡ ಸೊಂಟನೋವಿಗೆ ಮಾತ್ರೆಗೆ ಮುನ್ನ ಪ್ರಯತ್ನಿಸಬಹುದಾದ ಕ್ರಮಗಳಲ್ಲಿ ಶಾಖ ಕೊಡುವುದರೊಂದಿಗೆ ಮಸಾಜನ್ನೂ ಅಮೆರಿಕದ ವೈದ್ಯರ ಕಾಲೇಜು 2017ರ ಮಾರ್ಗಸೂಚಿಯಲ್ಲಿ ಹೆಸರಿಸಿದೆ. ಆದರೆ ಇದಕ್ಕಿರುವ ಪುರಾವೆ ದುರ್ಬಲವೆಂಬುದನ್ನೂ ಅದು ಮುಚ್ಚಿಟ್ಟಿಲ್ಲ. ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ಆತಂಕ ತಗ್ಗುತ್ತದೆ, ಕೆಲವರಿಗೆ ನಿದ್ರೆ ಚೆನ್ನಾಗಿ ಬರುತ್ತದೆ. ದಿನವಿಡೀ ಕಂಪ್ಯೂಟರಿನ ಮುಂದೆ ಬಾಗಿ, ಸಂಜೆ ಮಾಗಡಿ ರಸ್ತೆಯ ದಟ್ಟಣೆಯಲ್ಲಿ ನಲುಗಿ ಮನೆ ಸೇರುವವರಿಗೆ ಇದು ಸಣ್ಣ ಲಾಭವೇನಲ್ಲ.

ಈ ಮಿತವಾದ ಸತ್ಯಕ್ಕೆ ನಮ್ಮ ಫಲಕಗಳು ತೃಪ್ತವಾಗಿಲ್ಲ. ವಿಜಯನಗರದಿಂದ ಕೆಂಗೇರಿಯವರೆಗೆ ಸಂಚರಿಸಿದರೆ ಮಧುಮೇಹದಿಂದ ಪಾರ್ಶ್ವವಾಯುವಿನವರೆಗೆ ಎಲ್ಲಕ್ಕೂ ಪರಿಹಾರ ಸಾರುವ ಬರಹಗಳು ಕಣ್ಣಿಗೆ ಬೀಳುತ್ತವೆ. ದೇಹದ ‘ವಿಷವಸ್ತು’ ಹೊರಹಾಕುವ ಭರವಸೆಯಂತೂ ಸಾಮಾನ್ಯ. ಆ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ಮೊದಲಿನಿಂದಲೂ ಮಾಡುತ್ತಿವೆ.

ಅಪಾಯ ಕಾಲ್ಪನಿಕವಲ್ಲ. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಒತ್ತಡಕ್ಕೆ ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಕುತ್ತು. ರಕ್ತ ತೆಳುಗೊಳಿಸುವ ಔಷಧ ಸೇವಿಸುವವರಿಗೆ, ಮೂಳೆ ಸವೆದ ವೃದ್ಧರಿಗೆ ಬಲವಾದ ಮರ್ದನ ಹಾನಿಕರ. ಕ್ಷೌರದಂಗಡಿಯಲ್ಲಿ ತಲೆ ಮಸಾಜಿನ ಕೊನೆಗೆ ಕತ್ತು ತಿರುಚಿಸಿಕೊಂಡ ಬಳ್ಳಾರಿಯ ಯುವಕನೊಬ್ಬ ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಕತ್ತಿನ ರಕ್ತನಾಳದ ಒಳಪದರ ಹರಿದರೆ ಆಗುವುದೇ ಇದು.

ಹಾಗೆಂದು ದೋಷವನ್ನೆಲ್ಲ ಕೆಲಸಗಾರರ ಮೇಲೆ ಹೊರಿಸುವುದು ಅನ್ಯಾಯ. ಕೈಕಸುಬು ಬಲ್ಲ ಎಷ್ಟೋ ಮಂದಿ ಅಲ್ಪ ಸಂಬಳಕ್ಕೆ ದುಡಿಯುತ್ತಾ, ‘ಮಸಾಜ್ ಪಾರ್ಲರ್’ ಎಂಬ ಪದಕ್ಕೆ ಅಂಟಿದ ಕಳಂಕವನ್ನೂ ಹೊತ್ತಿದ್ದಾರೆ. ಜಪಾನಿನಲ್ಲಿ 1947ರ ಕಾನೂನು ಈ ವೃತ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ದೃಷ್ಟಿಹೀನರೂ ಅಲ್ಲಿ ತರಬೇತಿ ಪಡೆದು ಗೌರವದಿಂದ ಈ ಕೆಲಸ ಮಾಡುತ್ತಾರೆ. ಅರ್ಹತೆಯ ಮಾನದಂಡ ಗಿರಾಕಿಯನ್ನಷ್ಟೇ ಅಲ್ಲ, ದುಡಿಯುವವರನ್ನೂ ಕಾಪಾಡುತ್ತದೆ.

ನಮ್ಮಲ್ಲಿ ದಾಳಿ ನಡೆದಾಗ ಮಾತ್ರ ಈ ಕೇಂದ್ರಗಳು ಸುದ್ದಿಯಾಗುತ್ತವೆ. ಅದರ ಬದಲು ರಾಜ್ಯ ಸರ್ಕಾರ ತರಬೇತಿಯ ಮಟ್ಟವನ್ನು ನಿಗದಿಪಡಿಸಲಿ. 2025ರಲ್ಲಿ ರಚನೆಯಾದ ಬೆಂಗಳೂರು ಪಶ್ಚಿಮ ನಗರ ಪಾಲಿಕೆ, ಪರವಾನಗಿ ನೀಡುವಾಗ ಸಿಬ್ಬಂದಿಯ ಅರ್ಹತಾ ಪತ್ರವನ್ನು ಗೋಡೆಯ ಮೇಲೆ ಪ್ರದರ್ಶಿಸಬೇಕೆಂಬ ಷರತ್ತು ವಿಧಿಸಲಿ. ರೋಗ ಗುಣಪಡಿಸುವ ಸುಳ್ಳು ಜಾಹೀರಾತುಗಳಿಗೆ ಕಡಿವಾಣ ಬೀಳಲಿ.

ಗಿರಾಕಿಗಳಾದ ನಮ್ಮ ಪಾಲಿನ ಹೊಣೆಯೂ ಇದೆ. ತರಕಾರಿ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ನಾವು, ಬೆನ್ನನ್ನು ಅಪರಿಚಿತರ ಕೈಗೆ ಒಪ್ಪಿಸುವ ಮುನ್ನ ಎರಡನ್ನಾದರೂ ಕೇಳಬಾರದೇ?